ಇಲ್ಲದ ಗೊನೆಗಳನ್ನು ಎಣಿಸಿದ್ದು

ನನ್ನ ಕಸುಬು ಮೇಲೆ ನೋಡುವುದು. ಹೀಗೆಂದ ತಕ್ಷಣ ಅಧ್ಯಾತ್ಮವೆಂದುಕೊಂಡು ಕೈ ಮುಗಿಯಬೇಡಿ. ನಾನು ಅಡಿಕೆ ಖೇಣಿ ಹಿಡಿಯುವವನು. ಫಸಲು ಇನ್ನೂ ಮರದ ಮೇಲಿರುವಾಗಲೇ ತೋಟದೊಳಗೆ ಕತ್ತೆತ್ತಿಕೊಂಡು ಒಂದು ಸುತ್ತು ಹಾಕಿ, ಇದು ಇಷ್ಟು ಕ್ವಿಂಟಾಲ್ ಬಿಡುತ್ತದೆ ಎಂದು ಕಣ್ಣಲ್ಲೇ ತೂಗಿ, ಇಡೀ ತೋಟಕ್ಕೆ ಇಷ್ಟು ದುಡ್ಡು ಎಂದು ಒಂದೇ ಮಾತು ಹೇಳುವುದು. ತೋಟದವರು ಹೂಂ ಅಂದರೆ ಮುಗಿಯಿತು. ಆಮೇಲೆ ಕೊಯ್ಯುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು ಎಲ್ಲ ನನ್ನ ಪಾಡು. ಹೆಚ್ಚು ಬಂದರೆ ನನ್ನ ಜಾಣತನ, ಕಮ್ಮಿ ಬಂದರೆ ದೇವರ ಇಚ್ಛೆ. ಕೊಟ್ಟ ಮಾತಿನಿಂದ ಹಿಂದೆ ಸರಿದವನನ್ನು ಮಾತ್ರ ಚನ್ನಗಿರಿ ಸೀಮೆಯಲ್ಲಿ ಮರುವರ್ಷ ಯಾರೂ ಬೇಲಿ ದಾಟಿಸಿ ಒಳಗೆ ಬಿಡುವುದಿಲ್ಲ.

ನನ್ನ ಕಣ್ಣಿನ ಬಗ್ಗೆ ನನಗಿದ್ದ ಹಮ್ಮು ಅಷ್ಟಿಷ್ಟಲ್ಲ. ಒಮ್ಮೆ ಉಬ್ರಾಣಿಯ ಹೋಟೆಲ್ಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದಾಗ ಯಾರೋ, "ಇವರ ಕಣ್ಣು ಅಂದ್ರೆ ತಕ್ಕಡಿ ಕಣ್ರಪ್ಪ," ಅಂದರು. ಅಂದವರು ಆಮೇಲೆ ಮರೆತೂಬಿಟ್ಟಿರಬೇಕು. ನಾನು ಮರೆಯಲಿಲ್ಲ. ಮದುವೆ ಮನೆ, ಸಾವಿನ ಮನೆ, ಬಸ್ಸು, ಬ್ಯಾಂಕಿನ ಸಾಲು, ಎಲ್ಲಿ ಸಿಕ್ಕರೂ ಅದನ್ನು ಹೇಗಾದರೂ ಮಾತಿನ ಮಧ್ಯೆ ತೂರಿಸುತ್ತಿದ್ದೆ. "ಅವರು ಒಂದ್ಸಲ ಅಂದಿದ್ದನ್ನ ನೀವು ನೂರು ಸಲ ಅಂದಾಯ್ತು, ಇನ್ನಾದರೂ ಬಿಡ್ರಿ," ಎಂದು ನನ್ನ ಹೆಂಡತಿ ಎಲ್ಲರೆದುರೇ ಹೇಳುತ್ತಿದ್ದಳು. ಅವಳಿಗೆ ನನ್ನ ಮೇಲೆ ಗೌರವವಿದೆ, ಆದರೆ ಅದನ್ನು ಅವಳು ಒಳ್ಳೆ ಸೀರೆಯ ಹಾಗೆ ಪೆಟ್ಟಿಗೆಯಲ್ಲಿಟ್ಟಿರುತ್ತಾಳೆ.

ಅಂಥ ನನ್ನ ತಲೆಯೊಳಗೆ ರಕ್ತನಾಳವೊಂದು ಬಲೂನಿನ ಹಾಗೆ ಊದಿಕೊಂಡಿದೆ ಎಂದು ಗೊತ್ತಾಗಿದ್ದು ಮೂರು ವರ್ಷದ ಹಿಂದೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತಿದ್ದೆ. ಹಿಂದಿನಿಂದ ಯಾರೋ ದೊಣ್ಣೆಯಲ್ಲಿ ತಲೆಗೆ ಬಾರಿಸಿದ ಹಾಗಾಯಿತು. ತಿರುಗಿ, ಅಲ್ಲಿ ಪುಟ್ಟಿ ಹಿಡಿದು ನಿಂತಿದ್ದ ಕೂಲಿಯವನನ್ನು ಅವನ ವಂಶ ಸಮೇತ ಬೈದೆ. ಅವನು ಪಾಪ, ಬೈಸಿಕೊಳ್ಳುತ್ತಲೇ ನಾನು ಕೆಳಗೆ ಬೀಳದಂತೆ ಹಿಡಿದುಕೊಂಡ. ದಾವಣಗೆರೆಗೆ, ಅಲ್ಲಿಂದ ಬೆಂಗಳೂರಿಗೆ ಒಯ್ದರು. ಬಲೂನು ಸ್ವಲ್ಪ ಸೋರಿತ್ತು. ತೊಡೆಯ ರಕ್ತನಾಳದಿಂದ ಒಂದು ಸಪೂರ ನಳಿಗೆಯನ್ನು ತಲೆಯವರೆಗೂ ತೂರಿಸಿ, ಬಲೂನಿನೊಳಗೆ ಕೂದಲಿನಂಥ ತಂತಿ ಸುತ್ತಿ ಸುತ್ತಿ ತುಂಬಿ ಮುಚ್ಚಿದರು. ತಲೆ ಕೊಯ್ಯಲಿಲ್ಲ ಎಂಬುದೇ ನನಗೆ ಸೋಜಿಗ. ತೊಡೆಗೂ ತಲೆಗೂ ಹೀಗೊಂದು ಒಳದಾರಿ ಇದೆ ಎಂದು ಐವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ.

ಬದುಕಿ ಬಂದ ಮೇಲೆ ನಾನು ಸುಮ್ಮನಿರಬೇಕಿತ್ತು. ಆ ತಂತಿ ಪ್ಲಾಟಿನಂ ಎಂದು ನರ್ಸಮ್ಮ ಬಾಯಿ ತಪ್ಪಿ ಹೇಳಿದ್ದಳು. ಮಾತಾಡಿಸಲು ಬ್ರೆಡ್ಡು, ಎಳನೀರು ಹಿಡಿದು ಬಂದವರಿಗೆಲ್ಲ ಅದನ್ನೇ ಹೇಳಿದೆ. ಹೊನ್ನಾಳಿಯಿಂದ ಬಂದ ಷಡ್ಡಕ, "ಚಿನ್ನಕ್ಕಿಂತ ಮೇಲಿಂದಾ?" ಎಂದು ನನ್ನ ತಲೆಯನ್ನು ಹೊಸ ಗೌರವದಿಂದ ನೋಡಿದ. "ಒಳಗೆ ಏನೂ ಇರಲಿಲ್ಲ, ಈಗ ಅಷ್ಟಾದರೂ ಐತೆ," ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಅಂದಳು.

ಮೊದಲ ಸಲ ತಪಾಸಣೆಗೆ ಕರೆದಾಗ ಹೋದೆ. ಸರಿಯಾಗಿದೆ ಅಂದರು. ಎರಡನೇ ಸಲ ಕರೆದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಕೊಯ್ಲು ಬಿಟ್ಟು ಯಾವ ಖೇಣಿಯವನು ಆಸ್ಪತ್ರೆಗೆ ಹೋಗುತ್ತಾನೆ? ತಂತಿ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದುಕೊಂಡು ಹೋಗಲಿಲ್ಲ.

ಹೋದ ವರ್ಷ ನನ್ನ ಬಲಗಣ್ಣಿನ ರೆಪ್ಪೆ ಇಳಿಯತೊಡಗಿತು. ನನಗದು ತಿಳಿಯಲಿಲ್ಲ. ನಮ್ಮ ಮುಖ ನಮಗೆಲ್ಲಿ ಕಾಣುತ್ತದೆ? ಜಗಳೂರಿನಲ್ಲಿರುವ ನನ್ನ ತಂಗಿ ಫೋನಿನಲ್ಲಿ ಮುಖ ನೋಡಿ ಮಾತಾಡುವಾಗ, "ಅಣ್ಣ, ನಿಂದು ಒಂದು ಕಣ್ಣು ನಿದ್ದೆ ಮಾಡ್ತೈತಲ್ಲ," ಅಂದಳು. "ಇನ್ನೊಂದು ಎರಡರ ಕೆಲಸ ಮಾಡ್ತೈತೆ ಬಿಡು," ಅಂದೆ. ಅವಳು ನಗಲಿಲ್ಲ. ಡಾಕ್ಟರಿಗೆ ತೋರಿಸು ಅಂದಳು. ನೀನು ನಿನ್ನ ಈರುಳ್ಳಿ ಹೊಲ ನೋಡಿಕೋ ಎಂದು ಬೈದು ಫೋನಿಟ್ಟೆ.

ಅದೇ ವಾರ ನಲ್ಲೂರಿನ ಯಜಮಾನರ ತೋಟ ನೋಡಲು ಹೋದೆ. ಯಜಮಾನರೆಂದರೆ ಎಂಬತ್ತರ ಹತ್ತಿರದವರು, ಬಿಳಿ ಜುಬ್ಬ, ಹೆಗಲಿಗೆ ಟವಲ್ಲು, ಒಟ್ಟಿಗೆ ನಾಲ್ಕು ಮಾತು ಆಡಿದರೆ ಆ ದಿನಕ್ಕೆ ಅದೇ ಜಾಸ್ತಿ. ಅವರ ತೋಟವನ್ನು ಬೇರೆ ಖೇಣಿಯವರು ಹಿಡಿಯುತ್ತಿದ್ದರು, ನನಗೆ ಅದೇ ಮೊದಲು. ಒಳಗೆ ಕಾಲಿಟ್ಟು ಕತ್ತೆತ್ತಿದೆ. ನಾನು ಕಂಡದ್ದನ್ನು ಏನೆಂದು ಹೇಳಲಿ! ಒಂದೊಂದು ಮರಕ್ಕೂ ಗೊನೆ ಮೇಲೆ ಗೊನೆ, ಗೊನೆಗೆ ಒತ್ತಿಕೊಂಡು ಇನ್ನೊಂದು ಗೊನೆ. ಮೂರಿರಬೇಕಾದಲ್ಲಿ ಆರು. ಇಷ್ಟು ವರ್ಷ ಹಿಡಿದವರೆಲ್ಲ ಕುರುಡರು, ಈ ಮುದುಕರನ್ನು ಮೋಸ ಮಾಡಿ ತಿಂದಿದ್ದಾರೆ ಎಂದು ನನಗೆ ಸಿಟ್ಟೇ ಬಂತು. ನೇರ ನೋಡುವಾಗ ಎಲ್ಲ ಒಂದೊಂದೇ ಕಾಣುತ್ತಿತ್ತು. ಮೇಲೆ ನೋಡಿದಾಗ ಮಾತ್ರ ಹೀಗೆ. ಮರದ ಬೊಡ್ಡೆಯೂ ತುದಿಯಲ್ಲಿ ಎರಡಾಗಿ ಕಂಡಿರಲೇಬೇಕು. ಆದರೆ ಗೊನೆ ನೋಡುವವನು ಬೊಡ್ಡೆಯನ್ನೇಕೆ ನೋಡುತ್ತಾನೆ?

ಬದುವಿನ ಮೇಲೆ ನಿಂತು ನನ್ನ ಲೆಕ್ಕ ಹೇಳಿದೆ. ಯಜಮಾನರು ನನ್ನ ಮುಖವನ್ನೇ ನೋಡಿದರು. "ಇನ್ನೊಂದ್ಸಲ ಸುತ್ತು ಹಾಕ್ತೀಯೇನಪ್ಪ?" ಅಂದರು. "ನನಗೆ ಎರಡನೇ ಸುತ್ತು ಬೇಕಾಗಾಕಿಲ್ಲ ಯಜಮಾನ್ರೇ, ನನ್ನ ಕಣ್ಣು ತಕ್ಕಡಿ," ಅಂದೆ. ಅವರು ಟವಲ್ಲಿನಿಂದ ಬಾಯಿ ಒರೆಸಿಕೊಂಡು ಹೂಂ ಅಂದರು. ಕೈಗೆ ಕೈ ತಟ್ಟಿದೆವು, ಮಾತಾಯಿತು.

ಮೂರನೇ ದಿನ ಬೆಳಿಗ್ಗೆ ಅವರೇ ಬಸ್ಸು ಹತ್ತಿ ಚನ್ನಗಿರಿಯ ನಮ್ಮ ಮನೆಗೆ ಬಂದರು. ತೋಟದವರು ಖೇಣಿಯವನ ಮನೆ ಬಾಗಿಲಿಗೆ ಬರುವುದೆಂದರೆ ಹೆಣ್ಣಿನ ಕಡೆಯವರು ಮದುವೆಯಾದ ಮೇಲೆ ಮತ್ತೆ ಮಾತುಕತೆಗೆ ಬಂದ ಹಾಗೆ, ಒಳ್ಳೆಯದಕ್ಕೆ ಯಾರೂ ಬರುವುದಿಲ್ಲ. ಹೆಚ್ಚು ಕೇಳಲು ಬಂದಿದ್ದಾರೆ ಎಂದುಕೊಂಡು ನಾನು ಮೊದಲೇ ಮುಖ ಗಂಟು ಹಾಕಿಕೊಂಡು ಕೂತೆ.

"ಮೊನ್ನೆ ನೀನು ಹೇಳಿದ ಲೆಕ್ಕ ನನ್ನ ತೋಟದ್ದಲ್ಲ ಕಣಪ್ಪ," ಅಂದರು. "ಅದು ನನ್ನಪ್ಪ ಹಾಕಿದ ತೋಟ. ಅದು ಎಷ್ಟು ಬಿಡ್ತೈತೆ ಅಂತ ನನಗೆ ಗೊತ್ತೈತೆ. ನೀನು ಹೇಳಿದಷ್ಟು ಅದು ಯಾವತ್ತೂ ಬಿಟ್ಟಿಲ್ಲ, ಬಿಡೋದೂ ಇಲ್ಲ. ನಿನ್ನ ಮಾತು ನಿನಗೇ ವಾಪಸ್. ಮೊದಲು ಹೋಗಿ ಕಣ್ಣು ತೋರಿಸ್ಕ್ಯ."

ಬೇರೆ ಯಾರಾದರೂ ಆಗಿದ್ದರೆ ಅವರ ಕಾಲು ಮುಟ್ಟುತ್ತಿದ್ದರು. ನಾನು ಜಗಳಕ್ಕೆ ನಿಂತೆ. "ನಿಮ್ಮ ತೋಟದ ಯೋಗ್ಯತೆ ನಿಮಗೇ ಗೊತ್ತಿಲ್ಲ! ಕೊಟ್ಟ ಮಾತು ವಾಪಸ್ ತಗಂಡ್ರೆ ಊರೋರು ನನ್ನ ಮುಖಕ್ಕೆ ಏನಂತಾರೆ? ನೀವು ಬೇರೆ ಯಾರಿಗೋ ಕೊಡಾಕೆ ಈ ನಾಟಕ ಆಡ್ತಿದೀರಿ," ಎಂದು ಕೂಗಾಡಿದೆ. ನಷ್ಟವಾಗಬಾರದೆಂದು ನನ್ನ ಮನೆಗೇ ಬಂದು ಹೇಳುತ್ತಿರುವ ಮನುಷ್ಯನೊಂದಿಗೆ, ನಷ್ಟ ಮಾಡಿಕೊಳ್ಳುವುದು ನನ್ನ ಹಕ್ಕು ಎಂದು ಹೋರಾಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಯಜಮಾನರಿಗೆ ಚಹಾ ತಂದಿದ್ದ ನನ್ನ ಹೆಂಡತಿ ಖಾಲಿ ಲೋಟವನ್ನು ತೆಗೆದುಕೊಂಡು, ನನ್ನ ಎದುರು ನಿಂತು, ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ಎಷ್ಟು ಲೋಟ ರೀ?"

"ಎರಡು ಲೋಟ ಹಿಡ್ಕಂಡು ನನಗೇ ಪರೀಕ್ಷೆ ಮಾಡ್ತೀಯಾ?" ಎಂದು ರೇಗಿದೆ.

ಅವಳು ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು. ನನ್ನ ಕಣ್ಣೆದುರೇ ಎರಡು ಲೋಟ ಹತ್ತಿರ ಬಂದು ಒಂದರೊಳಗೊಂದು ಸೇರಿಕೊಂಡವು. ಆ ಸಂಜೆಯೇ ಬೆಂಗಳೂರಿಗೆ ಹೊರಟೆವು.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಬಲೂನು ಮತ್ತೆ ಬೆಳೆದಿದೆ ಅಂದರು. ಹಳೆಯ ತಂತಿಯನ್ನು ರಕ್ತದ ರಭಸ ಒತ್ತಿ ಒತ್ತಿ ಒಳಕ್ಕೆ ದೂಡಿದೆ, ಬಲೂನಿನ ಬಾಯಿಯ ಹತ್ತಿರ ಜಾಗ ಖಾಲಿಯಾಗಿ ಅಲ್ಲಿ ಮತ್ತೆ ಊದಿಕೊಂಡಿದೆ, ಅದು ಕಣ್ಣಿನ ನರವನ್ನು ಒತ್ತುತ್ತಿರುವುದರಿಂದಲೇ ರೆಪ್ಪೆ ಬಿದ್ದಿರುವುದು, ಎರಡೆರಡು ಕಾಣುತ್ತಿರುವುದು ಎಂದು ಚಿತ್ರ ತೋರಿಸಿ ಹೇಳಿದರು. ನಾನು ಬೋರ್‌ವೆಲ್ಲಿನ ಮೋಟರು ರಿಪೇರಿಯವನನ್ನು ಕೇಳುವ ಹಾಗೆ ಕೇಳಿದೆ: "ಒಂದ್ಸಲ ಮಾಡಿದ ಕೆಲಸಕ್ಕೆ ಗ್ಯಾರಂಟಿ ಇರಲ್ವಾ ಮೇಡಂ?" ಅವರು ತಾಳ್ಮೆಯಿಂದ, "ನೀವು ತಪಾಸಣೆಗೆ ಬಂದಿದ್ದರೆ ಇಷ್ಟು ಬೆಳೆಯೋಕೆ ಮುಂಚೆ ಗೊತ್ತಾಗ್ತಿತ್ತು," ಅಂದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಈ ಸಲ ಸ್ಟೆಂಟು ಹಾಕುತ್ತೇವೆ ಅಂದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ಏಕೆಂದರೆ ನಾವು ಭದ್ರಾ ನಾಲೆಯ ಜನ. ಕಾಲುವೆಯ ದಂಡೆಯನ್ನು ನೀರು ಕೊರೆದು ಪಕ್ಕದಲ್ಲಿ ಗುಂಡಿ ಮಾಡಿಕೊಂಡಿರುತ್ತದೆ. ಗುಂಡಿಗೆ ಎಷ್ಟು ಕಲ್ಲು ತುಂಬಿದರೂ ನೀರು ಮತ್ತೆ ಅದನ್ನು ಕೆದಕುತ್ತದೆ. ಅದರ ಬದಲು ಕಾಲುವೆಯೊಳಗೇ ಒಂದು ಸಣ್ಣ ಜಾಲರಿಯ ಕೊಳವೆ ಕೂರಿಸಿದರೆ ನೀರು ಗುಂಡಿಯ ಕಡೆ ತಿರುಗದೆ ನೇರ ಹೋಗುತ್ತದೆ, ಗುಂಡಿಯಲ್ಲಿ ನೀರು ನಿಂತು ಹೂಳು ಕಟ್ಟಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾನಿದನ್ನು ಹೇಳಿದಾಗ ಡಾಕ್ಟರಮ್ಮ, "ಕರೆಕ್ಟ್," ಅಂದರು. ಆ ಸ್ಥಿತಿಯಲ್ಲೂ ನಾನು ಹಿಗ್ಗಿ ಹೆಂಡತಿಯ ಕಡೆ ನೋಡಿದೆ.

"ಹಂಗಾದ್ರೆ ಈ ಕೊಯ್ಲು ಮುಗಿಸ್ಕಂಡು ಬರ್ತೀನಿ ಮೇಡಂ," ಅಂದೆ.

ಅವರು ಪೆನ್ನು ಕೆಳಗಿಟ್ಟರು. "ನರ ಒತ್ತುತ್ತಿದೆ ಅಂದರೆ ಬೆಳೀತಾ ಇದೆ ಅಂತ ಅರ್ಥ. ಇವತ್ತು ಒಡೀಬಹುದು, ನಾಳೆ ಒಡೀಬಹುದು. ಈ ಸಲ ಒಡೆದರೆ ಆಸ್ಪತ್ರೆವರೆಗೆ ಬರ್ತೀರಿ ಅಂತ ನಾನು ಹೇಳಲ್ಲ."

ಆಗ ಹೆದರಿದೆ. ಅಲ್ಲಿಯವರೆಗಿನದೆಲ್ಲ ಹೆದರಿಕೆಯಲ್ಲ, ಬರೀ ಕಿರಿಕಿರಿ. ವಾರ್ಡಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಹೊರಗೆ ಬಂದಾಗ ಹೆಂಡತಿ, "ನೀರು ಸುಮ್ನೆ ಹಾಳು ಮಾಡಬ್ಯಾಡ್ರಿ, ಇಲ್ಲೇ ಕೂತು ಅಳ್ರಿ," ಎಂದು ಪಕ್ಕದಲ್ಲಿ ಜಾಗ ಮಾಡಿದಳು. ಅವಳ ಕಣ್ಣುಗಳೂ ಕೆಂಪಗಿದ್ದವು. ಅಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಪಕ್ಕದ ಹಾಸಿಗೆಯವರು ನಮಗೆ ಬಾಳೆಹಣ್ಣು ಕೊಟ್ಟರು.

ಸ್ಟೆಂಟು ಹಾಕುವುದಕ್ಕೆ ಮುಂಚೆಯೇ ರಕ್ತ ತೆಳುವಾಗುವ ಎರಡು ಬಗೆಯ ಮಾತ್ರೆ ಶುರು ಮಾಡಿದರು, ಜಾಲರಿಗೆ ರಕ್ತ ಕಟ್ಟಿಕೊಳ್ಳಬಾರದಲ್ಲ. ಮತ್ತೆ ಅದೇ ತೊಡೆ, ಅದೇ ಒಳದಾರಿ. ಮಲಗಿಸಿ ಮಂಪರು ಕೊಡುವಾಗ ದೇವರ ಹೆಸರು ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು, "ಬೇಯಿಸಿದ್ದನ್ನ ಮೋಡ ಬಂದ್ರೆ ಒಳಗೆ ಹಾಕ್ಸು," ಎಂಬ ಮಾತು. ಎಚ್ಚರವಾದಾಗ ಡಾಕ್ಟರಮ್ಮ, "ಚೆನ್ನಾಗಿ ಕೂತಿದೆ," ಅಂದರು. ಅಡಿಕೆಯೋ ಸ್ಟೆಂಟೋ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಬಂದ ಮೇಲೆ ಮತ್ತೆ ಮಾತಾಡಿಸುವವರ ದಂಡು. ಸ್ಟೆಂಟು ಎಂದರೆ ನಮ್ಮ ಕಡೆ ಎಲ್ಲರಿಗೂ ಎದೆಯದೇ. ನ್ಯಾಮತಿಯಿಂದ ಬಂದ ಹಳೆಯ ಗೆಳೆಯನೊಬ್ಬ, ಅವನಿಗೂ ಎದೆಯಲ್ಲಿ ಒಂದಿದೆ, ನನ್ನ ಪಕ್ಕ ಕೂತು, "ಎದೇಗೆ ಹಾಕಾಕೆ ಹೋಗಿ ಕೈ ತಪ್ಪಿ ಮ್ಯಾಲೆ ಹೋಗೈತೇನೋ, ಸರಿಯಾಗಿ ವಿಚಾರಿಸು," ಎಂದು ಕಿವಿಯಲ್ಲಿ ಹೇಳಿದ. ಸೂರಗೊಂಡನಕೊಪ್ಪಕ್ಕೆ ಹೋಗಿ ನನ್ನ ಹೆಸರಿನಲ್ಲಿ ಪ್ರಸಾದ ಬೇರೆ ತಂದಿದ್ದ. ಜಗಳೂರಿನ ತಂಗಿ ಬಂದವಳು ನನ್ನ ರೆಪ್ಪೆಯನ್ನು ಬೆರಳಿನಲ್ಲಿ ಎತ್ತಿ ನೋಡಿ, ಬಿಟ್ಟು, ಈರುಳ್ಳಿ ಚೀಲ ಇಳಿಸಿ ಹೋದಳು. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ರಕ್ತ ತೆಳುವಾದ ಮನುಷ್ಯನ ಬಾಳೇ ಬೇರೆ. ಮಂಚದ ಕಾಲು ತಗುಲಿದರೂ ನೇರಳೆ ಹಣ್ಣು ಜಜ್ಜಿದ ಹಾಗೆ ಕಪ್ಪು. ಹೆಂಡತಿ ಮನೆಯಲ್ಲಿದ್ದ ಬ್ಲೇಡು, ಕತ್ತಿ, ಅಡಕೊತ್ತು ಎಲ್ಲವನ್ನೂ ಎತ್ತಿಟ್ಟಳು. ಅಡಿಕೆ ಖೇಣಿಯವನು ಒಂದು ಅಡಿಕೆ ಕತ್ತರಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಯಿತು. ಮಾತ್ರೆ ನುಂಗುವವರೆಗೂ ಅವಳು ಎದುರು ನಿಂತಿರುತ್ತಿದ್ದಳು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಆ ವರ್ಷದ ಬೇರೆ ತೋಟಗಳ ಕೊಯ್ಲನ್ನೆಲ್ಲ ಅವಳೇ ನಿಂತು ಮಾಡಿಸಿದಳು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಎಲ್ಲ ಸಲೀಸಾಗಿ ನಡೆಯಿತು. ಇದು ನನಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿತು.

ಆರು ತಿಂಗಳ ಮೇಲಿನ ತಪಾಸಣೆಗೆ ಈ ಸಲ ಕರೆಯುವ ಮುಂಚೆಯೇ ಹೋಗಿ ಕೂತೆ. ಬಲೂನು ಪೂರ್ತಿ ಮುಚ್ಚಿಕೊಂಡಿತ್ತು. ಹೆಂಡತಿ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ರೆಪ್ಪೆ ಎದ್ದಿತ್ತು, ನೇರಕ್ಕೆ, ಕೆಳಕ್ಕೆ, ಪಕ್ಕಕ್ಕೆ ಎಲ್ಲ ಒಂದೇ. ಡಾಕ್ಟರಮ್ಮ ಬೆರಳನ್ನು ಮೇಲೆತ್ತಿದರು. ಎರಡು ಬೆರಳು. "ಇದೊಂದು ಹೀಗೇ ಉಳಿಯಬಹುದು," ಅಂದರು. "ಮೇಲೆ ನೋಡೋದು ದಿನಕ್ಕೆ ಎಷ್ಟು ಸಲ ಬೇಕಾಗುತ್ತೆ ಹೇಳಿ?" ಅವರಿಗೆ ನನ್ನ ಕಸುಬು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಜೀವ ಉಳಿಸಿದವರ ಮುಂದೆ ಕೂತು ಗೊನೆ ಕಾಣುವುದಿಲ್ಲ ಎಂದು ತಕರಾರು ಹೇಳುವಷ್ಟು ಕೆಟ್ಟವನಲ್ಲ ನಾನು. ಬಸ್ಸಿನಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡು ಬಂದೆ, ಚಿತ್ರದುರ್ಗದವರೆಗೂ.

ಈ ವರ್ಷ ಸೀಸನ್ ಶುರುವಾಗುವ ಮುಂಚೆ ನಲ್ಲೂರಿನ ಯಜಮಾನರ ಫೋನು ಬಂತು. "ಬಾರಪ್ಪ, ತೋಟ ನೋಡು," ಅಂದರು. ಹೋಗಲು ನಾಚಿಕೆ. ಹೆಂಡತಿ ಬೈಕಿನ ಹಿಂದೆ ಹತ್ತಿ ಕೂತಿದ್ದರಿಂದ ಹೊರಡಬೇಕಾಯಿತು.

"ಮ್ಯಾಲೆ ನೋಡಿದ್ರೆ ಈಗಲೂ ಎರಡು ಕಾಣ್ತವೆ ಯಜಮಾನ್ರೇ. ನನ್ನ ಕೈಲಿ ಆಗಾಕಿಲ್ಲ," ಎಂದು ಬೇಲಿಯ ಹತ್ತಿರವೇ ಹೇಳಿಬಿಟ್ಟೆ.

"ಎರಡು ಕಂಡ್ರೆ ಅರ್ಧ ಮಾಡ್ಕ್ಯ," ಅಂದರು. "ಅದಕ್ಕೇನು ದೊಡ್ಡ ಆಸ್ಪತ್ರೆ ಬೇಕಾ?"

ನಾನು ಎಷ್ಟು ನಕ್ಕೆನೆಂದರೆ ತಲೆಗೆ ಮತ್ತೇನೋ ಆಯಿತೆಂದು ಹೆಂಡತಿ ಓಡಿ ಬಂದಳು. ಆಮೇಲೆ ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು, ಕೆಲಸದವರೆಲ್ಲ ನೋಡುತ್ತಿರುವಂತೆಯೇ ತೋಟವನ್ನು ಒಂದು ಸುತ್ತು ಹಾಕಿದೆ. ಸಾಲದೆಂದು ಇನ್ನೊಂದು ಸುತ್ತನ್ನೂ ಹಾಕಿದೆ. ಮರಕ್ಕೆ ಮೂರು, ಕೆಲವಕ್ಕೆ ಎರಡೇ ಗೊನೆ. ಯಾವ ಊರಲ್ಲೂ ಇರುವಂಥ ತೋಟ.

ಅಡಿಕೆ ಹಾಳೆ ಹಾಸಿಕೊಂಡು ಮೂವರೂ ಕೂತೆವು. ಹೋದ ವರ್ಷ ಹೇಳಬೇಕಾಗಿದ್ದನ್ನು ಆಗ ಹೇಳಿದೆ. "ನೀವು ಅವತ್ತು ಬರದಿದ್ರೆ ನಾನು ಇರ್ತಿರಲಿಲ್ಲ," ಎಂದು ಕೈ ಮುಗಿದೆ.

"ಕೈ ಮುಗೀಬ್ಯಾಡ," ಅಂದರು. ವೀಳ್ಯದೆಲೆಯ ತೊಟ್ಟು ಮುರಿಯುತ್ತ ಹೇಳಿದರು: "ನೀನು ಮಾತು ಕೊಟ್ಟು ಹೋದಾಗ ನನಗೆ ಭಾರಿ ಖುಷಿ ಆಗಿತ್ತು. ನಿನ್ನ ರೆಪ್ಪೆ ಬಿದ್ದಿದ್ದು ಆವಾಗಲೇ ಕಂಡಿದ್ದೆ. ಇವನಿಗೇನೋ ಆಗೈತೆ ಅಂತ ಗೊತ್ತಿತ್ತು. ಆದರೂ ಮಾರನೇ ದಿನ ಬರಲಿಲ್ಲ. ಪೂರ್ತಿ ಒಂದು ದಿನ ಕಟ್ಟೆ ಮ್ಯಾಲೆ ಕೂತು ಆಸೆ ಪಟ್ಟೆ ಕಣಪ್ಪ."

ಆ ಒಂದು ದಿನ ನಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ಹಂಡೆ ತೊಳೆಸಿದ್ದೆ, ಸೌದೆ ಇಳಿಸಿಕೊಂಡಿದ್ದೆ, ಯಾರ ಮೇಲೋ ಕೂಗಾಡಿದ್ದೆ. ತಲೆಯೊಳಗೆ ಅದು ಊದುತ್ತಲೇ ಇತ್ತು. ಇಲ್ಲಿ ಇವರು ಕಟ್ಟೆಯ ಮೇಲೆ ಕೂತಿದ್ದರು. ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ.

"ನಾನು ನಿಮ್ಮ ಜಾಗದಾಗೆ ಇದ್ದಿದ್ರೆ ಮೂರನೇ ದಿನಾನೂ ಬರ್ತಿರಲಿಲ್ಲ ಯಜಮಾನ್ರೇ," ಅಂದೆ.

"ಅದು ನನಗೆ ಗೊತ್ತೈತೆ," ಎಂದು ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು.